ಬಾಣಂತಿ ಪಿಕಪ್ಪು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಚಳಿಗಾಲದ ಬೆಳಗು ಆಗುತ್ತಿದ್ದದ್ದು ಒಂದು ಕೆಮ್ಮಿನಿಂದ. ಅಜ್ಜನ ಕೆಮ್ಮು ಅಂತ ತಿಳಿದೀರಿ. ಅಜ್ಜನಿಗೇನಾಗಿತ್ತು, ಗುಂಡುಕಲ್ಲಿನ ಹಾಗೆ ಇದ್ದ. ಕೆಮ್ಮುತ್ತಿದ್ದದ್ದು ನಮ್ಮ ಅಂಗಳದಲ್ಲಿ ನಿಂತ ಡೀಸೆಲ್ ಪಿಕಪ್ಪು. ಅಪ್ಪ ಕೀಲಿ ತಿರುಗಿಸಿದ ಕೂಡಲೇ ಅದು ಮೈಯೆಲ್ಲ ಗಡಗಡ ನಡುಗಿಸಿ, ನಾಲ್ಕು ಸಲ ಕೆಮ್ಮಿ, ಹಿಂದಿನಿಂದ ಬಿಳಿ ಹೊಗೆ ಬಿಟ್ಟು, ಮತ್ತೆ ಸುಮ್ಮನಾಗಿಬಿಡುತ್ತಿತ್ತು. ಆ ಹೊಗೆ ನೇರವಾಗಿ ಅಡುಗೆಮನೆ ಹೊಗುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು. ಯಾರೂ ಕರೆಯಬೇಕಾಗಿರಲಿಲ್ಲ. ತಳ್ಳುವುದು ನಮ್ಮ ಮನೆಯಲ್ಲಿ ಕಸ ಗುಡಿಸಿದಷ್ಟೇ ಸಹಜವಾದ ಕೆಲಸವಾಗಿತ್ತು. ಅವ್ವನ ಎರಡು ಅಂಗೈ ಗುರುತು ಜೋಳದ ಹಿಟ್ಟಿನಲ್ಲಿ ಮೂಡಿ ಆ ಗಾಡಿಯ ಹಿಂದಿನ ಹಲಗೆಯ ಮೇಲೆ ಚಳಿಗಾಲ ಪೂರ್ತಿ ಇರುತ್ತಿದ್ದವು. ಕೊಪ್ಪಳದ ಸಂತೆಯಲ್ಲಿ ಜನ ಅದನ್ನು ಯಾವುದೋ ಹರಕೆ ಅಂತ ತಿಳಿದಿದ್ದರಂತೆ.

ಬೇವೂರಿನ ಹತ್ತಿರದ ಊರು ನಮ್ಮದು. ಮಳೆ ನಂಬಿದ ಹೊಲ, ಮಣ್ಣಿನ ಮಾಳಿಗೆ ಮನೆ. ಒಳಗೆ ಬಂದರೆ ಮೊದಲು ಎತ್ತು ಕಟ್ಟುವ ಜಾಗ, ಅದನ್ನು ದಾಟಿ ಕಟ್ಟೆ ಹತ್ತಿದರೆ ಪಡಸಾಲೆ. ಅಜ್ಜನ ಎತ್ತುಗಳಿಗೆ ವಯಸ್ಸಾಗಿತ್ತು. ಹೊಸ ಜೋಡಿ ತರಬೇಕೆಂದು ಅಜ್ಜ ಕನಕಗಿರಿ ಸಂತೆಯ ಮಾತಾಡುತ್ತಿದ್ದಾಗಲೇ ಅಪ್ಪ ಗಂಗಾವತಿಗೆ ಹೋಗಿ ಈ ಹಳೆಯ ಪಿಕಪ್ಪು ತಂದು ಅಂಗಳದಲ್ಲಿ ನಿಲ್ಲಿಸಿದ. ಅಜ್ಜ ಅದರ ಸುತ್ತ ಒಂದು ಸುತ್ತು ಹಾಕಿದ. ಎತ್ತಿನ ಹಲ್ಲು ನೋಡುವವನಂತೆ ಬಗ್ಗಿ ಮುಂದಿನ ಜಾಲರಿ ನೋಡಿದ, ಹಿಂದೆ ಹೋಗಿ ಹೊಗೆ ನಳಿಗೆ ನೋಡಿದ. ಕೊನೆಗೆ ಟೈರಿಗೆ ಕಾಲಿನಿಂದ ಒಂದು ಒದ್ದ.

"ಎಲ್ಲಿದಿದು?"

"ಮರಳಿ ಅನ್ನೂ ಊರಿಂದು, ಯಪ್ಪಾ. ಭತ್ತ ಹೇರತಿದ್ರು."

"ಹಂಗನ್ನು! ನೀರಾವರಿ ಸೀಮಿದು. ಅನ್ನ ಉಂಡ ಮೈ. ನಮ್ಮ ಒಣ ರೊಟ್ಟಿಗೆ ಇದು ಬಾಳಂಗಿಲ್ಲ ಬಸ್ಯಾ."

ಬೇಸಿಗೆಯಲ್ಲಿ ತಂದ ಗಾಡಿ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಕೀಲಿ ಮುಟ್ಟಿದರೆ ಸಾಕು ಗರ್‍ರ್ ಅನ್ನುತ್ತಿತ್ತು. ದೀಪಾವಳಿ ಮುಗಿದು ಥಂಡಿ ಬಿತ್ತು ನೋಡ್ರಿ, ಅಜ್ಜನ ಮಾತು ಅಕ್ಷರಶಃ ಖರೆ ಆಯಿತು.

ಅಪ್ಪ ಯಾಕೆ ಈ ಗಾಡಿ ತಂದ ಅನ್ನುವುದನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಬರೀ ನಗೆಯಾಟ ಆಗುತ್ತದೆ. ಅಪ್ಪ ಲಾರಿ ಡ್ರೈವರು. ಗಂಗಾವತಿಯ ಅಕ್ಕಿ ಹೇರಿಕೊಂಡು ಹೋದನೆಂದರೆ ಯಾವಾಗ ಬರುತ್ತಾನೆ ಅನ್ನುವುದು ಅವನಿಗೂ ಗೊತ್ತಿರುತ್ತಿರಲಿಲ್ಲ. ಒಮ್ಮೆ ಹಾಗೇ ಬಹಳ ದಿನಕ್ಕೆ ಬಂದವನು ಗಡ್ಡ ಬಿಟ್ಟಿದ್ದ. ಬಾಗಿಲಲ್ಲಿ ನಿಂತವನನ್ನು ನೋಡಿ ನಾನು ಒಳಗೆ ಓಡಿ, "ಯವ್ವಾ, ಯಾರೋ ಬಂದಾರ, ನೀರು ಕೊಡು" ಅಂದೆ. ಅವ್ವ ಚೊಂಬು ಹಿಡಿದು ಬಂದಳು, ನೋಡಿದಳು, ಬಿದ್ದು ಬಿದ್ದು ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅಪ್ಪ ಗಡ್ಡ ಬೋಳಿಸಿಕೊಂಡು ಬಂದು ನನ್ನ ಮುಂದೆ ಕೂತು, "ಈಗ ಗುರ್ತು ಸಿಕ್ಕಿತೇನವ್ವಾ?" ಅಂತ ಕೇಳಿದ. ನಾನು ಹೂಂ ಅಂದೆ. ಖರೆ ಹೇಳಬೇಕೆಂದರೆ ಆಗಲೂ ನನಗೆ ಅಷ್ಟು ಗ್ಯಾರಂಟಿ ಇರಲಿಲ್ಲ. ಆ ವರ್ಷವೇ ಅವನು ಲಾರಿ ಬಿಟ್ಟು ಪಿಕಪ್ಪು ತಂದ. ಊರವರ ಬದನೆಕಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೇರಿಕೊಂಡು ನಸುಕಿನಲ್ಲಿ ಕೊಪ್ಪಳಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರತೊಡಗಿದ. ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪನ ಗೊರಕೆ ಕೇಳುವುದೆಂದರೆ ನನಗೆ ಹಬ್ಬ. ಆದರೆ ಅವನ ಲಾರಿ ಚೀಲ ಮಾತ್ರ ಬಾಗಿಲ ಪಕ್ಕದ ಮೊಳೆಯಲ್ಲಿ ಹಾಗೇ ತೂಗುತ್ತಿತ್ತು. ಖಾಕಿ ಬಣ್ಣದ ದಪ್ಪ ಬಟ್ಟೆಯ ಚೀಲ, ಒಳಗೆ ಒಂದು ಲುಂಗಿ, ಒಂದು ಚಾದರ, ಒಂದು ಲೋಟ. ಅವ್ವ ಬಿಚ್ಚಿಡಲು ಹೋದರೆ, "ಇರ್ಲಿ ಬಿಡ, ಯಾವಾಗ ಬೇಕಾಗತೈತೋ" ಅನ್ನುತ್ತಿದ್ದ. ಲಾರಿ ಮಾಲೀಕ ಯಾವಾಗ ಬೇಕಾದರೂ ಬಾ ಅಂದಿದ್ದನಂತೆ. ಗಾಡಿ ಒಂದೊಂದು ಸಲ ಕೆಮ್ಮಿ ಸುಮ್ಮನಾದಾಗಲೂ ನಾನು ತಿರುಗಿ ಆ ಚೀಲ ನೋಡುತ್ತಿದ್ದೆ.

ಇನ್ನು ಆ ಗಾಡಿಗೆ ನಡೆದ ಉಪಚಾರ ಕೇಳ್ರಿ. ಅಪ್ಪ ಸಂಜೆಯಾದರೆ ಆಯಿಯ ಕೌದಿ ಒಯ್ದು ಬಾನೆಟ್ಟಿನ ಮೇಲೆ ಹೊಚ್ಚುತ್ತಿದ್ದ. ಅಪ್ಪನ ಅವ್ವನಿಗೆ ನಾವು ಆಯಿ ಅನ್ನುತ್ತಿದ್ದೆವು. ಅವಳು ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಅದು, ನನ್ನ ಮೇಲೆ ಇರಬೇಕಾದದ್ದು. ನಸುಕಿನಲ್ಲಿ ಎದ್ದು ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ ಮಾಡಿ ಇಂಜಿನ್ನಿನ ಕೆಳಗೆ ತಳ್ಳುತ್ತಿದ್ದ. ಆಮೇಲೆ ಬಚ್ಚಲಿಗೆ ನುಗ್ಗಿ, ಅಜ್ಜನ ಸ್ನಾನಕ್ಕೆ ಕಾಯಿಸಿಟ್ಟ ಹಂಡೆಯ ನೀರನ್ನು ಕೊಡ ತುಂಬಿ ತಂದು ಇಂಜಿನ್ನಿನ ಮೈಮೇಲೆ ಸುರಿಯುತ್ತಿದ್ದ. ಅಜ್ಜ ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಡುಗುತ್ತಾ ನಿಂತು ನೋಡುತ್ತಿದ್ದ.

"ಕೆಂಡ ಇಟ್ಟಿ, ಕೌದಿ ಹೊಚ್ಚಿದಿ, ಬಿಸಿನೀರು ಎರದಿ. ಬಾಣಂತಿ ಇದ್ದಂಗ ಐತಲ್ಲೋ ನಿನ್ನ ಗಾಡಿ! ಇನ್ನ ಅಂಟಿನುಂಡಿ ಒಂದು ತಿನಸು."

ಅವ್ವ ಅಜ್ಜನ ಮುಂದೆ ಮಾತಾಡುವವಳಲ್ಲ. ಆದರೆ ಅವತ್ತು ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳಿತು.

"ನನ್ನ ಬಾಣಂತನದಾಗ ಇದರ ಅರ್ಧನೂ ಕಾಸಿರಲಿಲ್ಲ ಬಿಡ್ರಿ ಮಾವಾರ."

ಅಂದಿನಿಂದ ಊರಿಗೆಲ್ಲ ಅದು ಬಾಣಂತಿ ಪಿಕಪ್ಪು. "ಬಾಣಂತಿ ಎದ್ಲೇನು?" ಅಂತ ಕೇಳಿಕೊಂಡೇ ಬದನೆಕಾಯಿ ಚೀಲ ಹೊತ್ತ ಜನ ಬರುತ್ತಿದ್ದರು. ಎದ್ದಿಲ್ಲವೆಂದರೆ ಚೀಲ ಇಳಿಸಿ ತಳ್ಳಲು ನಿಲ್ಲುತ್ತಿದ್ದರು. ನಾನು ಹಗುರ ಇದ್ದೆನೆಂದು ನನ್ನನ್ನು ಒಳಗೆ ಅಪ್ಪನ ಪಕ್ಕ ಕೂರಿಸುತ್ತಿದ್ದರು. ಹಾಗಾಗಿ ಆ ಕಾಲದ ಬೆಳಗುಗಳನ್ನೆಲ್ಲ ನಾನು ನೋಡಿದ್ದು ಗಾಡಿಯ ಒಳಗಿನಿಂದ. ನನ್ನ ಕಣ್ಣಿಗೆ ನೇರವಾಗಿ ಹುಲಿಗೆಮ್ಮ ದೇವಿಯ ಫೋಟೋ ಇರುತ್ತಿತ್ತು.

ಆ ಫೋಟೋ ಆಯಿಯದು. ಗಾಡಿ ಬಂದ ದಿನವೇ ಆಯಿ ಜೋಳದ ಹಿಟ್ಟಿನ ಅಂಬಲಿ ಕಾಯಿಸಿ ಅಂಟು ಮಾಡಿಕೊಂಡು ಬಂದಿದ್ದಳು. ಸ್ಟೇರಿಂಗಿನ ಮುಂದೆ ಮುಳ್ಳು ಓಡಾಡುವ ಗಾಜಿನ ಬಿಲ್ಲೆಗಳಿರುತ್ತವಲ್ಲ, ಅವುಗಳ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಗಾಜಿನ ಚುಕ್ಕೆಗಳಿದ್ದವು. ಅಲ್ಲಿ ಜಾಗ ಸಪಾಟಾಗಿ ಸಿಕ್ಕಿತೆಂದು ಆಯಿ ಹುಲಿಗೆಮ್ಮನನ್ನು ಅಲ್ಲೇ ಮೆತ್ತಿಬಿಟ್ಟಳು. ಡ್ರೈವರ್ ಕಣ್ಣ ಮುಂದೆ ದೇವಿ ಇರಬೇಕು ಅನ್ನುವುದು ಅವಳ ವಾದ. ಆಮೇಲೆ ಪ್ರತಿ ಪೂಜೆಗೆ ಅದರ ಮೇಲೆ ಕುಂಕುಮ, ಭಂಡಾರ, ಮತ್ತೆ ಕುಂಕುಮ. ಚಳಿಗಾಲದ ಹೊತ್ತಿಗೆ ಆ ಫೋಟೋ ರೊಟ್ಟಿಗಿಂತ ದಪ್ಪವಾಗಿತ್ತು.

ಅಪ್ಪ ಯಲಬುರ್ಗಿಯ ಖಾಜಾಸಾಬ ಮಿಸ್ತ್ರಿಯ ಹತ್ತಿರ ಎಷ್ಟೋ ಸಲ ಒಯ್ದ. ಆದರೆ ಗಾಡಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲೂ ಏರಿರುತ್ತಿತ್ತು, ಇಂಜಿನ್ನೂ ಕಾದಿರುತ್ತಿತ್ತು. ಖಾಜಾಸಾಬ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಚಾಲೂ! ಡಾಕ್ಟರ ಮುಖ ನೋಡಿದ ಕೂಡಲೇ ಜ್ವರ ಬಿಡುವ ಹುಡುಗರ ಹಾಗೆ. ಖಾಜಾಸಾಬ ಗಲ್ಲ ಕೆರೆದುಕೊಂಡು ಡೀಸೆಲ್ ಫಿಲ್ಟರ್ ಬಿಚ್ಚಿ ನೀರು ತೆಗೆದ, ಪೈಪಿನ ಗಾಳಿ ತೆಗೆದ, ಬ್ಯಾಟರಿ ವಾಯರ್ ಬಿಗಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕೆಮ್ಮು. ಒಮ್ಮೆ ಅವನು ಅಪ್ಪನನ್ನು ಕೇಳಿದ.

"ಬಸವರಾಜಣ್ಣ, ಥಂಡ್ಯಾಗ ಹೀಟರ್ ದೀಪ ಆರೂತನಕ ತಡದು ಚಾಲೂ ಮಾಡ್ತಿ ಹೌದಿಲ್ಲೋ?"

"ಏ, ಹತ್ತು ಗಾಲಿ ಲಾರಿ ಹೊಡದಾಂವ ನಾನು. ನಾಕು ಗಾಲಿದು ನನಗೇನು ಹೇಳ್ತಿ ಬಿಡೋ ಸಾಬ."

ಅಷ್ಟಕ್ಕೆ ಆ ಮಾತು ಮುಗಿಯಿತು. ಇದನ್ನು ಅಪ್ಪ ಎಷ್ಟೋ ವರ್ಷದ ಮೇಲೆ, ತಾನೇ ನಗುತ್ತಾ ನನಗೆ ಹೇಳಿದ. ಅವನು ಓಡಿಸಿದ ಲಾರಿಗಳಿಗೆ ಹೀಟರೂ ಇರಲಿಲ್ಲ, ಅದರ ದೀಪವೂ ಇರಲಿಲ್ಲ. ಯಾವ ದೀಪ ಅಂತ ಕೇಳಿದರೆ ಮರ್ಯಾದೆ ಹೋಗುತ್ತದೆಂದು ಸುಮ್ಮನೆ ಬಂದವನು, ಮನೆಗೆ ಬಂದು ಗಾಡಿಯೊಳಗೆಲ್ಲ ಹುಡುಕಿದನಂತೆ. ಎಲ್ಲೂ ದೀಪ ಕಾಣಲಿಲ್ಲ. ಹಳೇ ಗಾಡಿ, ಬಲ್ಬು ಸುಟ್ಟಿರಬೇಕು, ಅಂತ ಬಿಟ್ಟುಬಿಟ್ಟನಂತೆ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಮಂಗಳವಾರ ಮತ್ತು ಶುಕ್ರವಾರ. ಅವೆರಡು ದಿನ ಆಯಿ ಗಾಡಿಗೆ ಪೂಜೆ ಮಾಡುತ್ತಿದ್ದಳು. ಆರತಿ ಬೆಳಗುವಾಗ ಗಾಡಿಯೂ ಕಣ್ಣು ತೆರೆದಿರಬೇಕು ಅನ್ನುವುದು ಆಯಿ ತಾನೇ ಮಾಡಿದ ಶಾಸ್ತ್ರ. ಕಣ್ಣು ಅಂದರೆ ಮುಂದಿನ ಲೈಟು. ಕೀಲಿ ಅರ್ಧ ತಿರುಗಿಸದೆ ಆ ಗಾಡಿಯ ಲೈಟು ಹತ್ತುತ್ತಿರಲಿಲ್ಲ. ಹೀಗಾಗಿ ಅಪ್ಪ ಕೀಲಿ ತಿರುಗಿಸಿ, ಲೈಟು ಹಚ್ಚಿ, ಕೈಮುಗಿದು ಕೂರುತ್ತಿದ್ದ. ಆಯಿ ನುಡಿಯ ಮೇಲೆ ನುಡಿ ಹಾಕಿ, ಸಾವಕಾಶ ಆರತಿ ಹಾಡು ಹೇಳುತ್ತಿದ್ದಳು. ಹಾಡು ಮುಗಿದು, ಕಾಯಿ ಒಡೆದು, ಅಪ್ಪ ಪೂರ್ತಿ ಕೀಲಿ ತಿರುಗಿಸಿದರೆ ಗಾಡಿ ಕೆಮ್ಮಿಲ್ಲ ಗಿಮ್ಮಿಲ್ಲ, ಮಗುವಿನ ಹಾಗೆ ಎದ್ದು ಕೂರುತ್ತಿತ್ತು! ಒಮ್ಮೆ ಅಪ್ಪ ಅವಸರ ಮಾಡಿ ಹಾಡನ್ನು ನಡುವೆಯೇ ನಿಲ್ಲಿಸಿದ. ಅವತ್ತು ಗಾಡಿ ಚಾಲೂ ಆಗಿ, ನಡುಗಿ, ಮತ್ತೆ ನಿಂತಿತು.

"ಅರ್ಧ ಪೂಜಿಗೆ ಅರ್ಧ ಚಾಲೂ. ತಾಯಿ ಲೆಕ್ಕ ಎಷ್ಟು ಚೊಕ್ಕ ಐತಿ ನೋಡು," ಅಂದಳು ಆಯಿ.

ಹಾಗಾದರೆ ದಿನಾ ಪೂಜೆ ಮಾಡು ಅಂತ ಅಪ್ಪ ಕಾಲು ಹಿಡಿಯುವುದೊಂದು ಬಾಕಿ. ಆಯಿ ಒಪ್ಪಲಿಲ್ಲ. "ದಿನಾ ಕರದ್ರ ಬರಾಕ ಆಕಿಗೇನು ಬ್ಯಾರೆ ಕೆಲಸ ಇಲ್ಲೇನು?" ಅಂದುಬಿಟ್ಟಳು. ಊರವರು ಜಾಣರು. ಬದನೆಕಾಯಿಯನ್ನೆಲ್ಲ ಮಂಗಳವಾರ, ಶುಕ್ರವಾರಕ್ಕೇ ಕೊಯ್ಯತೊಡಗಿದರು. ಆ ಎರಡು ದಿನ ಗಾಡಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ಉಳಿದ ದಿನ ಅಪ್ಪ ಒಬ್ಬನೇ ಬಾನೆಟ್ಟು ಎತ್ತಿ ಒಳಗೆ ನೋಡುತ್ತಾ ನಿಂತಿರುತ್ತಿದ್ದ. ಆಮೇಲೆ ಬಂದು ಕಟ್ಟೆಯ ಮೇಲೆ ಕೂತು, ಮೊಳೆಯಲ್ಲಿದ್ದ ಚೀಲದ ಕಡೆ ಅವನೂ ನೋಡುತ್ತಿದ್ದ.

ಎಳ್ಳಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಆ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತೇವೆ. ಚರಗದ ಬುಟ್ಟಿ ಯಾವಾಗಲೂ ಎತ್ತಿನ ಗಾಡಿಯಲ್ಲಿ ಹೋಗಬೇಕು ಅನ್ನುವುದು ಅಜ್ಜನ ಪದ್ಧತಿ. ಅಪ್ಪ ಈ ಸಲ ಪಿಕಪ್ಪಿನಲ್ಲಿ ಹೋಗೋಣ ಅಂದ. ಅಜ್ಜ ಊಟದ ತಾಟಿನ ಮುಂದೆ ಕೂತು, ರೊಟ್ಟಿ ಮುರಿಯದೆ, ಎಲ್ಲರಿಗೂ ಕೇಳುವಂತೆ ಹೇಳಿದ.

"ಹಂಗ ಆಗಲಿ. ಅವತ್ತು ನಿನ್ನ ಗಾಡಿ ತಾನ ಎದ್ದು ನಿಂತ್ರ, ಮನ್ಯಾಗ ಇರ್ಲಿ. ತಳ್ಳಬೇಕಾತಂದ್ರ, ಕನಕಗಿರಿ ಸಂತಿಗೆ ಹೋಗಿ ಎತ್ತು ತರತೀನಿ, ಇದು ಬಂದ ದಾರಿಗೆ ಹೋಗಲಿ. ಮತ್ತ ಮ್ಯಾಲ ಮಾತಿಲ್ಲ."

"ಗಾಡಿ ಹ್ವಾದ್ರ ನಾ ಏನು ಮಾಡ್ಲಿ ಯಪ್ಪಾ? ಮತ್ತ ಲಾರಿ ಹತ್ತಬೇಕಾಗತೈತಿ."

"ಹತ್ತು. ಲಾರಿಯರ ಬೆಳಿಗ್ಗೆ ಏಳತೈತಿ."

ಅವ್ವ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಆಯಿ ಮಾತ್ರ ನಿಶ್ಚಿಂತೆಯಿಂದ, "ಅಷ್ಟ ಹೌದಿಲ್ಲೋ? ನಾ ಪೂಜಿ ಮಾಡ್ತೀನಿ, ಎದ್ದು ಕುಂಡ್ರತೈತಿ," ಅಂದಳು.

"ಪೂಜಿ ಇಲ್ಲ," ಅಂದ ಅಜ್ಜ. "ದೇವರ ಕೈಲೆ ತಳ್ಳಿಸಿದ್ರೂ ತಳ್ಳಿದಂಗ."

ಆಯಿ ಅಜ್ಜನ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದಳು.

ಆ ವರ್ಷ ಅಮಾವಾಸ್ಯೆ ಬಂದದ್ದು ಸೋಮವಾರ. ಹಿಂದಿನ ದಿನದಿಂದಲೇ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯದ ಘಮ. ಬೇರೆ ವರ್ಷವಾಗಿದ್ದರೆ ಕದ್ದು ತಿಂದು ಪೆಟ್ಟು ತಿನ್ನುತ್ತಿದ್ದೆ. ಈ ಸಲ ಒಂದು ತುತ್ತೂ ಇಳಿಯಲಿಲ್ಲ. ಅವ್ವ ಹೋಳಿಗೆ ಮಾಡುತ್ತಾ ಮಾಡುತ್ತಾ ಎದ್ದು ಹೋಗಿ ಆ ಚೀಲದ ಲುಂಗಿ ತೆಗೆದು ಒಗೆದು ಹಾಕಿದಳು. ಯಾಕವ್ವ ಅಂತ ಕೇಳಿದ್ದಕ್ಕೆ, "ಹ್ವಾದ್ರ ಕೊಳಿ ಲುಂಗಿ ಉಟ್ಕೊಂಡು ಹೋಗಬೇಕೇನು ನಿಮ್ಮಪ್ಪ?" ಅಂದು ನನ್ನ ಮೇಲೆ ರೇಗಿದಳು.

ಬೆಳಗಾಯಿತು. ಸಾಯುವ ಥಂಡಿ. ಜೋಳದ ಹೊಲದ ಕಡೆಯಿಂದ ಬರುವ ಗಾಳಿಗೆ ಕಿವಿ ಉರಿಯುತ್ತಿದ್ದವು. ಚರಗದ ಬುಟ್ಟಿಯನ್ನು ಗಾಡಿಯ ಒಳಗೆ ನನ್ನ ತೊಡೆಯ ಮೇಲಿಟ್ಟರು. ಅಜ್ಜ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಸಾಕ್ಷಿಗೆ ಕೂತ. ಊರ ಮಂದಿ ಅರ್ಧ ನಮ್ಮ ಬಾಗಿಲಲ್ಲೇ ಇತ್ತು. ತಳ್ಳಲಿಕ್ಕಲ್ಲ, ನೋಡಲಿಕ್ಕೆ. ಅಪ್ಪ ಕೆಂಡ ಇಟ್ಟ, ಬಿಸಿನೀರು ಎರೆದ, ಹತ್ತಿ ಕೂತು ಕೀಲಿ ತಿರುಗಿಸಿದ. ಗಾಡಿ ನಡುಗಿತು, ಕೆಮ್ಮಿತು, ಬಿಳಿ ಹೊಗೆ ಬಿಟ್ಟು ಸತ್ತಿತು. ಇನ್ನೊಮ್ಮೆ. ಮತ್ತೆ ಅದೇ. ಅಪ್ಪ ಕೀಲಿ ಪೂರಾ ಹಿಂದಕ್ಕೆ ತಿರುಗಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಅವನ ಕುತ್ತಿಗೆ ನನ್ನ ಹತ್ತಿರವೇ ಇತ್ತು. ಆ ಥಂಡಿಯಲ್ಲಿ ಅದು ಬೆವೆತಿತ್ತು. ನನಗೆ ಅಳು ತಡೆಯಲಾಗಲಿಲ್ಲ, ಬುಟ್ಟಿ ತಬ್ಬಿಕೊಂಡು ಅತ್ತೆ.

ಆಗ ಆಯಿಗೆ ಸಿಟ್ಟು ನೆತ್ತಿಗೇರಿತು ನೋಡ್ರಿ. ಸೀರೆ ಎತ್ತಿ ಸಿಕ್ಕಿಸಿಕೊಂಡು ಬಂದು ಅಪ್ಪನ ಕಡೆಯ ಬಾಗಿಲು ತೆಗೆದಳು.

"ಪೂಜಿ ಬ್ಯಾಡ ಅಂತಾನಲ್ಲ ನಿಮ್ಮಪ್ಪ, ಹಂಗಾದ್ರ ನನ್ನ ತಾಯಿಗೇನು ಇಲ್ಲಿ ಕೆಲಸ? ಬಾರವ್ವಾ, ಈ ಮನ್ಯಾಗ ನಮಗ ಮರ್ಯಾದಿ ಇಲ್ಲ."

ಅನ್ನುತ್ತಾ ಅಪ್ಪನ ತಲೆ ಪಕ್ಕಕ್ಕೆ ತಳ್ಳಿ, ಫೋಟೋದ ಅಂಚಿಗೆ ಉಗುರು ಹಾಕಿ ಜಗ್ಗಿದಳು. ಜೋಳದ ಅಂಟು, ಸುಲಭಕ್ಕೆ ಬಿಡುತ್ತದೆಯೇ? ಎರಡೂ ಕೈ ಹಾಕಿ ಜಗ್ಗಿದ ಮೇಲೆ ಚರ್‍ರ್ ಅಂತ ಕಿತ್ತು ಬಂತು. ಕುಂಕುಮ ಭಂಡಾರವೆಲ್ಲ ಅಪ್ಪನ ಮಡಿಲಿಗೆ ಉದುರಿತು. ಆಯಿ ಹುಲಿಗೆಮ್ಮನನ್ನು ಎದೆಗವಚಿಕೊಂಡು ಅಲ್ಲೇ ನಿಂತಳು. ಅಪ್ಪ ಮಡಿಲಿನ ಕುಂಕುಮ ಕೊಡವಿದ. ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಅನ್ನುವ ಹಾಗೆ ಕೀಲಿಗೆ ಕೈ ಹಾಕಿ ಅರ್ಧ ತಿರುಗಿಸಿದ.

ಫೋಟೋ ಇದ್ದ ಜಾಗದಲ್ಲಿ, ಜಿಲೇಬಿಯ ಆಕಾರದ ಒಂದು ಪುಟ್ಟ ದೀಪ ಕಿತ್ತಳೆ ಬಣ್ಣದಲ್ಲಿ ಝಗ್ ಅಂತ ಹತ್ತಿತು.

"ಯಪ್ಪಾ," ಅಂದೆ ನಾನು, "ದೇವಿ ಹಿಂದ ದೀಪ ಉರಿಯಾಕತ್ತೈತಿ."

ಅಪ್ಪನ ಕೈ ಕೀಲಿಯ ಮೇಲೆ ಹಾಗೇ ನಿಂತಿತು. ಆಯಿ ಬಗ್ಗಿ ನೋಡಿದಳು. ಕಣ್ಣು ಅಗಲ ಮಾಡಿದಳು. ಫೋಟೋ ಹಿಡಿದ ಕೈಯಲ್ಲೇ ಕೈ ಮುಗಿದಳು. ಅವ್ವ ಬಂದಳು, ಊರವರು ಕಿಟಕಿಗೆ ಮುತ್ತಿದರು. ಎಲ್ಲರೂ ಆ ದೀಪ ನೋಡುತ್ತಾ ನಿಂತೆವು. ಅಜ್ಜನೂ ಕಟ್ಟೆ ಇಳಿದು ಬಂದು ಜನರ ಹೆಗಲ ಮೇಲಿಂದ ಇಣುಕುತ್ತಿದ್ದ. ನಾವು ನೋಡುತ್ತಿದ್ದಂತೆಯೇ ಅದು ಪಟ್ಟನೆ ಆರಿತು.

"ಅಯ್ಯ ನನ್ನ ಶಿವನ, ಹ್ವಾದ್ಲಲ್ಲೋ ತಾಯಿ!" ಅಂತ ಆಯಿ ಬಾಯಿ ಬಡಿದುಕೊಂಡಳು.

ಅಪ್ಪ ಆಯಿಯ ಕಡೆ ನೋಡಲಿಲ್ಲ. ದೀಪ ಇದ್ದ ಜಾಗ ನೋಡುತ್ತಾ, ತನ್ನಷ್ಟಕ್ಕೆ ತಾನು, "ದೀಪ ಆರೂತನಕ ತಡದು... ಆರೂತನಕ ತಡದು ಅಂದನಲ್ಲೋ ಸಾಬ..." ಅಂದ. ಕೀಲಿ ಪೂರಾ ತಿರುಗಿಸಿದ.

ಗರ್‍ರ್!

ಕೆಮ್ಮಿಲ್ಲ. ನಡುಕ ಇಲ್ಲ. ಜನ ಹೋ ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಒಲೆಯ ಮುಂದೆ ಕೂತಿರುತ್ತಾಳೆ ಅಂತ ನನಗೆ ಗೊತ್ತಿತ್ತು. ಅಪ್ಪ ಗಾಡಿ ಆರಿಸಿ, ಮತ್ತೆ ದೀಪ ನೋಡಿ, ಮತ್ತೆ ಚಾಲೂ ಮಾಡಿ, ಮತ್ತೆ ಆರಿಸಿ, ಹುಚ್ಚನ ಹಾಗೆ ನಗತೊಡಗಿದ. ಕೀಲಿ ಅರ್ಧ ತಿರುಗಿಸಿದಾಗ ಹೀಟರು ಇಂಜಿನ್ನಿನ ಒಳಗನ್ನು ಕಾಯಿಸುತ್ತದೆ, ಕಾದ ಮೇಲೆ ಆ ದೀಪ ಆರುತ್ತದೆ ಅಂತ ಅಪ್ಪ ಎಷ್ಟು ಹೇಳಿದರೂ ಆಯಿ ಒಂದು ಚೂರೂ ಒಪ್ಪಲಿಲ್ಲ. ಇಷ್ಟು ದಿನ ತಾಯಿ ಆ ದೀಪವನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡು ಕಾದಿದ್ದಳು, ಆಯಿಯ ಹಾಡು ಮುಗಿದ ಮೇಲೆ ಗಾಡಿಗೆ ಕೊಡುತ್ತಿದ್ದಳು ಅನ್ನುವುದು ಅವಳ ಲೆಕ್ಕ. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ. ಆಮೇಲೆ ಅವಳು ಫೋಟೋವನ್ನು ಒಂದು ಗೇಣು ಮೇಲಕ್ಕೆ ಅಂಟಿಸಿದಳು. ಹಾಡು ಮಾತ್ರ ಬಿಡಲಿಲ್ಲ, ಅಪ್ಪನೂ ಬಿಡಿಸಲಿಲ್ಲ.

ಎಲ್ಲರೂ ಅಜ್ಜನ ಕಡೆ ನೋಡಿದರು. ಅಜ್ಜ ರುಮಾಲು ಸರಿಮಾಡಿಕೊಂಡ. ಗಾಡಿಯ ಸುತ್ತ ಮತ್ತೆ ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ, ಎತ್ತಿನ ಬೆನ್ನು ತಟ್ಟುವ ಹಾಗೆ, ಎರಡು ಸಲ ತಟ್ಟಿದ. ಆಮೇಲೆ ನನ್ನ ಕಡೆಯ ಬಾಗಿಲು ತೆಗೆದು, ನನ್ನನ್ನು ನಡುವಿಗೆ ಸರಿಸಿ, ಹತ್ತಿ ಕೂತ. ಕೂತವನ ಕಣ್ಣು ಮುಂದಿನ ಗಾಜಿಗೆ ಸರಿಯಾಗಿ ಮುಟ್ಟಲಿಲ್ಲ. ಅಜ್ಜ ಕುಳ್ಳ.

"ಈ ಸೀಟು ತಗ್ಗ ಐತಿ. ದಾರಿ ಕಾಣಂಗಿಲ್ಲ ನನಗ."

"ತಲೆದಿಂಬು ತರಲ್ಯಾ?" ಅಂದ ಅಪ್ಪ.

ಅಜ್ಜ ಇಳಿದು ಮನೆಯೊಳಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಅಪ್ಪನ ಲಾರಿ ಚೀಲ ಇತ್ತು. ಅದನ್ನು ಸೀಟಿನ ಮೇಲಿಟ್ಟು, ಅಂಗೈಯಿಂದ ಗುದ್ದಿ ಗುದ್ದಿ ಮೆತ್ತಗೆ ಮಾಡಿ, ಅದರ ಮೇಲೆ ಹತ್ತಿ ಕೂತ. ಅಪ್ಪನ ಚಾದರ, ಅಪ್ಪನ ಲೋಟ, ಎಲ್ಲದರ ಮೇಲೆ.

"ಯಪ್ಪಾ, ಅದು ನನ್ನ ಚೀಲ," ಅಂದ ಅಪ್ಪ.

"ಇನ್ನ ಮ್ಯಾಲ ನಂದು. ನಡಿ, ಹೊತ್ತಾತು."

ಹೊಲದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲಿಗೆ ಪೂಜೆ ಮಾಡಿ, ಜೋಳದ ಸಾಲಿನಲ್ಲಿ ಕೂಗುತ್ತಾ ಚರಗ ಚೆಲ್ಲಿದೆವು. ಅವತ್ತು ನಾನು ಎಷ್ಟು ಹೋಳಿಗೆ ತಿಂದೆನೆಂದರೆ ಅವ್ವನೇ ಸಾಕು ಮಾಡು ಅಂದಳು. ಅಜ್ಜ ಸಾಯುವವರೆಗೂ ಆ ಗಾಡಿಯಲ್ಲಿ ಆ ಚೀಲದ ಮೇಲೆಯೇ ಕೂತ. ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಾನು ಎದ್ದು ಮೊದಲು ನೋಡಿದ್ದು ಬಾಗಿಲ ಪಕ್ಕದ ಮೊಳೆ. ಅಲ್ಲಿ ಪಿಕಪ್ಪಿನ ಕೀಲಿ ತೂಗುತ್ತಿತ್ತು. ಅವ್ವ ಅದಕ್ಕೊಂದು ಕೆಂಪು ದಾರ ಕಟ್ಟಿದ್ದಳು.